ತೋಟದ ಬೆಕ್ಕು, ಪದವಿನ ಬೆಕ್ಕು

ಕಾಸರಗೋಡಿನ ಪೆರ್ಲದ ಹತ್ತಿರದ ನಮ್ಮ ಊರಲ್ಲಿ, ಮನೆಯದ್ದಲ್ಲದ ಎಲ್ಲ ಬೆಕ್ಕಿಗೂ ಒಂದೇ ಹೆಸರು, ಕಾಡುಪುಚ್ಚೆ. ಪುನುಗುಬೆಕ್ಕು ಕಂಡರೂ ಅದೇ ಹೆಸರು. ನಾನೂ ಹಾಗೇ ಹೇಳಿಕೊಂಡು ಬೆಳೆದವನು.

ಎರಡು ವರ್ಷದ ಹಿಂದೆ ಪಕ್ಕದ ತೋಟದ ಭಟ್ರು ಬೆಳಗ್ಗೆಯೇ ಬಂದರು. "ಮಾರಾಯ್ರೆ, ನಿಮ್ಮ ತೋಡಿನ ಬದಿಯಲ್ಲಿ ಚಿರತೆ ಮರಿ ಉಂಟು. ನಿನ್ನೆ ರಾತ್ರಿ ಟಾರ್ಚ್ ಹಾಕಿದೆ, ಮೈಯೆಲ್ಲ ಚುಕ್ಕೆ" ಎಂದರು. ಮರಿ ಇದ್ದಲ್ಲಿ ತಾಯಿಯೂ ಇರಬೇಕಲ್ವಾ? ಅಡಿಕೆ ಕೊಯ್ಲಿನ ಸಮಯ ಬೇರೆ. ಕೆಲಸದವರು ನೀರಿನ ಸುರಂಗದ ಕಡೆ ಹೋಗಲು ಒಪ್ಪಲಿಲ್ಲ. ಕೊನೆಗೆ ಮಂಗಳೂರಿನಲ್ಲಿರುವ ತಮ್ಮನಿಗೆ ಹೇಳಿ, ಎದುರು ಏನಾದರೂ ಓಡಾಡಿದರೆ ತಾನೇ ಫೋಟೋ ತೆಗೆಯುವ ಒಂದು ಕ್ಯಾಮೆರಾ ಟ್ರ್ಯಾಪ್ ತರಿಸಿದೆ.

ಮೊದಲ ವಾರ ಸಿಕ್ಕಿದ್ದು ಬರೀ ಸೋಗೆ. ಅಡಿಕೆ ಸೋಗೆ ಬಿಸಿಲಲ್ಲಿ ಅಲ್ಲಾಡಿದರೂ ಕ್ಯಾಮೆರಾ ಕ್ಲಿಕ್ ಆಗುತ್ತದೆ. ಬಿಸಿಯಾದದ್ದು ಏನು ಚಲಿಸಿದರೂ ಅದರ ಸೆನ್ಸರ್ ಎಚ್ಚರವಾಗುತ್ತದೆ. ಪೂರ್ವಕ್ಕೆ ಮುಖ ಮಾಡಿ ಇಟ್ಟರೆ ಎಳೆಬಿಸಿಲೇ ಸಾಕು, ಕಾರ್ಡ್ ತುಂಬುತ್ತದೆ. ಉತ್ತರಕ್ಕೆ ತಿರುಗಿಸಿದೆ. ಇನ್ನೊಂದು ತಪ್ಪು ಎತ್ತರದ್ದು. ಸೊಂಟದ ಎತ್ತರಕ್ಕೆ ಕಟ್ಟಿದ್ದೆ, ಬೆಕ್ಕು ಅದರ ಅಡಿಯಲ್ಲೇ ಹೋಗಿರಬೇಕು. ಮೊಣಕಾಲಿಗಿಂತ ಕೆಳಗೆ, ಸುಮಾರು 25 ಸೆಂಟಿಮೀಟರ್ ಎತ್ತರಕ್ಕೆ ಇಳಿಸಿದ ಮೂರನೇ ರಾತ್ರಿ ಸಿಕ್ಕಿತು.

ಚಿರತೆ ಮರಿಯಲ್ಲ, ಚಿರತೆ ಬೆಕ್ಕು. ಮನೆಬೆಕ್ಕಿನಷ್ಟೇ ಗಾತ್ರ, ಕಾಲು ಮಾತ್ರ ಸ್ವಲ್ಪ ಉದ್ದ. ಹಣೆಯಿಂದ ಕುತ್ತಿಗೆಗೆ ಇಳಿಯುವ ನಾಲ್ಕು ಕಪ್ಪು ಪಟ್ಟೆ. ಬೆನ್ನು ತಿರುಗಿಸಿದ ಚಿತ್ರವೇ ನನಗೆ ಜಾಸ್ತಿ ಉಪಯೋಗವಾದದ್ದು. ಕಿವಿಯ ಹಿಂದೆ ಬೆಳ್ಳಗಿನ ಮಚ್ಚೆ ಎದ್ದು ಕಾಣುತ್ತಿತ್ತು. ಚಿರತೆಯ ಮೈಮೇಲೆ ಉಂಗುರದಂಥ ಗುರುತು ಇರುತ್ತದೆ, ಇದರದ್ದು ತುಂಬಿದ ಚುಕ್ಕೆ. ಭಟ್ರಿಗೆ ಫೋನಿನಲ್ಲಿ ತೋರಿಸಿದೆ. "ಇಷ್ಟು ಸಣ್ಣದಾ?" ಎಂದು ಅವರಿಗೆ ಸ್ವಲ್ಪ ಬೇಸರವೇ ಆಯಿತು. ಕೆಲಸಕ್ಕೆ ಬರುವ ಮಲಯಾಳಿ ಅಣ್ಣ ಮಾತ್ರ ನೋಡಿದ ಕೂಡಲೇ "ಪುಲಿಪ್ಪೂಚ್ಚ" ಎಂದರು. ಅವರಿಗೆ ಮೊದಲೇ ಗೊತ್ತಿತ್ತು, ನಾವು ಕೇಳಿರಲಿಲ್ಲ ಅಷ್ಟೆ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಅಮ್ಮ ಒಂದು ಮಾತು ಹೇಳಿದರು, "ನಾವು ಸಣ್ಣವರಿರುವಾಗ ಪದವಿನಲ್ಲಿ ನೋಡಿದ ಕಾಡುಪುಚ್ಚೆಗೆ ಚುಕ್ಕೆಯೇ ಇರಲಿಲ್ಲ." ಪದವು ಅಂದರೆ ಕೆಂಪು ಮುರಕಲ್ಲಿನ ಎತ್ತರದ ಬಯಲು. ಮನೆಯ ಮೇಲಿನ ಪದವಿನಲ್ಲಿ ನಮ್ಮದೇ ಸ್ವಲ್ಪ ವರ್ಗ ಜಾಗ (ಪಟ್ಟಾ ಭೂಮಿ) ಉಂಟು. ಮುಳಿಹುಲ್ಲು, ಅಲ್ಲಲ್ಲಿ ಕುಂಟಾಲದ ಪೊದೆ, ಅಂಚಿನಲ್ಲಿ ಗೇರುಮರ. ಎರಡನೇ ಕ್ಯಾಮೆರಾ ಅಲ್ಲಿಗೆ. (ಸ್ವಂತ ಜಾಗವಾದ್ದರಿಂದ ಸರಿ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಇಡಬೇಡಿ.)

ಅಲ್ಲಿ ಕಾಯಬೇಕಾಯಿತು. ಒಂದೂವರೆ ತಿಂಗಳು ಮೊಲ, ನವಿಲು, ದನ. ಆಮೇಲೆ ಒಂದು ಬೆಳಗ್ಗೆ ಏಳೂವರೆಗೆ, ಚೆನ್ನಾಗಿ ಬೆಳಕು ಹರಿದ ಮೇಲೆ, ಒಣಗಿದ ಮುಳಿಯ ಬಣ್ಣದ್ದೇ ಒಂದು ಬೆಕ್ಕು ನಡೆದು ಬಂತು. ನಿಜವಾದ ಕಾಡುಬೆಕ್ಕು. ಉದ್ದ ಕಾಲು, ದೊಡ್ಡ ಕಿವಿ, ಕಿವಿಯ ತುದಿಯಲ್ಲಿ ಸಣ್ಣ ಕಪ್ಪು ಕೂದಲು. ಬಾಲ ನೋಡಿದರೆ ಯಾರೋ ಅರ್ಧಕ್ಕೆ ಕತ್ತರಿಸಿದ ಹಾಗೆ, ತುದಿಯಲ್ಲಿ ಕಪ್ಪು ಬಳೆಗಳು. ಅಮ್ಮ ಹೇಳಿದ್ದು ಸರಿ, ಮೈಮೇಲೆ ಚುಕ್ಕೆ ಇರಲಿಲ್ಲ. ಮರಿಗಳಿಗೆ ಪಟ್ಟೆ ಇರುತ್ತದೆ, ಬೆಳೆಯುತ್ತಾ ಮಾಸಿಹೋಗುತ್ತದೆ.

ರಾತ್ರಿಯ ಕಪ್ಪುಬಿಳುಪು ಚಿತ್ರದಲ್ಲಿ ಇದನ್ನೂ ಊರಬೆಕ್ಕನ್ನೂ ಬೇರೆ ಮಾಡುವುದು ಸುಲಭವಲ್ಲ. ನಾನೇ ಎರಡು ಸಲ ಮೋಸ ಹೋಗಿದ್ದೇನೆ. ಈಗ ಮೊದಲು ಬಾಲ ನೋಡುತ್ತೇನೆ, ಆಮೇಲೆ ಕಾಲು. ಇನ್ನೊಂದು ತೊಂದರೆ ಉಂಟು. ಚಿರತೆ ಬೆಕ್ಕಿನ ಚುಕ್ಕೆ ಒಂದರದ್ದು ಒಂದಕ್ಕಿಲ್ಲ, ಹಾಗಾಗಿ ತೋಟಕ್ಕೆ ಬರುವುದು ಎರಡು ಎಂದು ಹೇಳಬಲ್ಲೆ. ಪದವಿನಲ್ಲಿ ಎಷ್ಟಿವೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಸೋಜಿಗವೆಂದರೆ, ಊರಬೆಕ್ಕಿಗೆ ಹತ್ತಿರದ ನೆಂಟ ಈ ಪದವಿನದ್ದೇ. ಎರಡೂ ಫೆಲಿಸ್ ಕುಲದವು. ಮನೆ ಹಿಂದೆಯೇ ಓಡಾಡುವ ಚಿರತೆ ಬೆಕ್ಕು ಬೇರೆ ಕುಲ, ಪ್ರಿಯೊನೈಲ್ಯೂರಸ್. ಮೀನು ಹಿಡಿಯುವ ಬೆಕ್ಕೂ ಅದೇ ಕುಲದ್ದು. ಫೆಲಿಸ್, ಪ್ರಿಯೊನೈಲ್ಯೂರಸ್ ಎರಡು ಕವಲು ಬೇರೆಯಾಗಿ ಸುಮಾರು 60 ಲಕ್ಷ ವರ್ಷವಾಯಿತಂತೆ. ಹಾಗಂತ ಚಿರತೆ ಬೆಕ್ಕಿಗೆ ಮನುಷ್ಯರ ಪರಿಚಯ ಹೊಸದಲ್ಲ. ಚೀನಾದಲ್ಲಿ 5,000 ವರ್ಷಕ್ಕೂ ಹಿಂದಿನ ರೈತರ ಹಳ್ಳಿಗಳಲ್ಲಿ ಸಿಕ್ಕ ಬೆಕ್ಕಿನ ಮೂಳೆ ಇದರದ್ದೇ ಎಂದು 2016ರಲ್ಲಿ ಗೊತ್ತಾಯಿತು. ಧಾನ್ಯ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಇದು. ನಮ್ಮಲ್ಲಿ ಧಾನ್ಯದ ಬದಲು ಕೊಕ್ಕೋ. ಇಲಿ ಕೊರೆದ ಕೊಕ್ಕೋ ಕಾಯಿ ಹೆಕ್ಕಿ ಹೆಕ್ಕಿ ಸಾಕಾದವರಿಗೆ ಈ ಬೆಕ್ಕಿನ ಬೆಲೆ ಗೊತ್ತು.

ಇಬ್ಬರೂ ಇಲಿ ತಿನ್ನುವವರೇ, ಆದರೂ ಎದುರುಬದುರಾದದ್ದು ನನ್ನ ಕಾರ್ಡಿನಲ್ಲಿ ಒಮ್ಮೆಯೂ ಇಲ್ಲ. ತೋಟದ್ದು ಕತ್ತಲಾದ ಮೇಲೆ ಹೊರಡುತ್ತದೆ, ಮರ ಹತ್ತುತ್ತದೆ, ನೆರಳು ಬೇಕು. ಪದವಿನದ್ದಕ್ಕೆ ಹಗಲಾದರೂ ಸರಿ, ಬಯಲು ಮತ್ತು ಎತ್ತರದ ಹುಲ್ಲು ಬೇಕು. ದಟ್ಟ ಕಾಡು ಅದಕ್ಕೆ ಸರಿಹೋಗದು.

ಕೋಳಿ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಪದವಿನ ಅಂಚಿನ ಮನೆಯೊಂದರಲ್ಲಿ ಕೋಳಿ ಹೋಗಿ, ಉರುಳು ಇಡುವ ಮಾತು ಬಂತು. ಗೂಡಿನ ಎದುರು ಕ್ಯಾಮೆರಾ ಇಟ್ಟೆ. ಒಂದು ಕೋಳಿ ಮುಂಗುಸಿಯ ಪಾಲು, ಒಂದು ಕಾಡುಬೆಕ್ಕಿನದ್ದೇ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಹಳೆ ಮೀನುಬಲೆ ತಂದು ಗೂಡಿಗೆ ಸುತ್ತಿದೆವು, ಬೆಳಕು ಸರಿಯಾಗಿ ಹರಿದ ಮೇಲೆಯೇ ಬಾಗಿಲು ತೆಗೆಯುವುದು ಎಂದಾಯಿತು. ಉರುಳಿನ ಮಾತು ನಿಂತಿತು.

ಈ ವರ್ಷ ಪದವಿನ ಆಚೆ ಬದಿಯಲ್ಲಿ ಕಲ್ಲಿನ ಕೋರೆ ಶುರುವಾಗಿದೆ. ಯಂತ್ರದ ಶಬ್ದ ಮನೆಯವರೆಗೆ ಕೇಳುತ್ತದೆ. ತೋಟದ ಬೆಕ್ಕಿನ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ, ಅದು ಹೇಗಾದರೂ ಹೊಂದಿಕೊಳ್ಳುತ್ತದೆ. ಇನ್ನೊಂದರ ಚಿತ್ರ ಎರಡು ತಿಂಗಳು ಸಿಗಲಿಲ್ಲ. ಕ್ಯಾಮೆರಾ ಕಿತ್ತು ಕೋರೆಯ ಹತ್ತಿರಕ್ಕೇ ಒಯ್ದೆ. ಕಳೆದ ವಾರ ಕಾರ್ಡ್ ತೆಗೆದಾಗ ಒಂದೇ ಒಂದು ಇತ್ತು, ಬೆಳಗ್ಗೆ 6.10ರದ್ದು. ಲಾರಿ ಹೋಗಲು ಹೊಸದಾಗಿ ಮಾಡಿದ ದಾರಿಯ ನಡುವೆ, ಟಯರಿನ ಅಚ್ಚಿನ ಮೇಲೆಯೇ ನಡೆದು ಹೋಗುತ್ತಿದೆ.