ಐಟಿ ಬಿಟ್ಟು ಎನ್‌ಜಿಒ ಸೇರಿದ ಮೇಲೆ

ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ರಾಯಚೂರು ಜಿಲ್ಲೆಯ ಒಂದು ಸಂಸ್ಥೆ ಸೇರಿದೆ. ಮಹಿಳಾ ಸ್ವಸಹಾಯ ಸಂಘಗಳ ಜೊತೆ ಕೆಲಸ. ಸಂಬಳ ಕಡಿಮೆಯಾಗುತ್ತದೆ ಅಂತ ಗೊತ್ತಿದ್ದೇ ಬಂದಿದ್ದು, ಆ ಮಾತು ಬಿಡಿ.

ಶುರುವಿನಲ್ಲಿ ನಾನು ಜಾಸ್ತಿ ಕೂತದ್ದು ಅಕೌಂಟೆಂಟ್ ಪಕ್ಕದಲ್ಲಿ. ಯಾಕಂದ್ರೆ ಆಫೀಸಿನ ಯಾವ ಮಾತೇ ಆಗಲಿ, ಕೊನೆಗೆ "ಇದು ಯಾವ ಬಜೆಟ್ ಹೆಡ್?", ಅಂದರೆ ಯಾವ ಬಾಬ್ತಿನ ಖರ್ಚು, ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ತರಬೇತಿಗೆ ಬಂದವರಿಗೆ ಊಟ ಮಾಡಿಹಾಕಿದ ಹಳ್ಳಿಯ ಅಕ್ಕನ ಹತ್ತಿರ ಬಿಲ್ ಬುಕ್ ಎಲ್ಲಿರುತ್ತೆ? ಬಿಲ್ ಬದಲು ನಾವೇ ವೋಚರ್ ಬರೆಯಬೇಕು. ಮೊತ್ತ 5,000 ರೂಪಾಯಿ ದಾಟಿದರೆ 1 ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ ಅದರ ಮೇಲೆ ಸಹಿ ಹಾಕಿಸಬೇಕು. ಜೊತೆಗೆ ಊಟ ಮಾಡಿದವರ ಹಾಜರಿ ಪಟ್ಟಿ. ನಮಗೆ ಬರುವ ಹಣದಲ್ಲಿ ಒಂದಷ್ಟು ವಿದೇಶಿ ದೇಣಿಗೆ. ಅಂಥ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದ ಮೇಲೆ ಅದರಲ್ಲಿ ಆಡಳಿತಕ್ಕೆ ಖರ್ಚು ಮಾಡಬಹುದಾದದ್ದು ಶೇ. 20 ಮಾತ್ರ, ಮೊದಲು ಶೇ. 50 ಇತ್ತು. ಇಷ್ಟು ತಿಳಿದ ಮೇಲೆ, ಆಫೀಸಿಗೆ ಒಂದು ಹೊಸ ಕುರ್ಚಿ ಕೇಳಿದರೂ ಎಲ್ಲರೂ ಯಾಕೆ ಮುಖ ಮುಖ ನೋಡ್ತಾರೆ ಅಂತ ಅರ್ಥವಾಯಿತು.

ಇನ್ನೊಂದು, ಟೈಮು. ಫೀಲ್ಡ್ ಸಿಬ್ಬಂದಿ ಬೆಳಿಗ್ಗೆ ತಡವಾಗಿ ಬರುವುದು ಐಟಿ ಕಣ್ಣಿಗೆ ಸೋಮಾರಿತನದ ಹಾಗೆ ಕಾಣುತ್ತೆ. ಅವರಲ್ಲೊಬ್ಬರ ಬೈಕ್ ಹಿಂದೆ ಕೂತು ಸಂಘದ ಸಭೆಗೆ ಹೋದೆ. ಹತ್ತಿ ಬಿಡಿಸುವ ಕಾಲ. ಹೆಂಗಸರು ಹೊಲದಿಂದ ಬಂದು, ರೊಟ್ಟಿ ಬಡಿದು, ಮಕ್ಕಳಿಗೆ ಉಣಿಸಿ ಗುಡಿಕಟ್ಟೆಗೆ ಬರುವಷ್ಟರಲ್ಲಿ ಕತ್ತಲಾಗಿತ್ತು. ನಾನು ನೋಟ್‌ಬುಕ್ ತೆಗೆದೆ. "ಸರ, ಮೊದ್ಲ ಚಾ ಕುಡೀರಿ, ಪ್ರಶ್ನೆ ಆಮ್ಯಾಲ ಕೇಳೀರಂತ" ಅಂದರು ಜೊತೆಗಿದ್ದವರು. ಉಳಿತಾಯದ ಲೆಕ್ಕ, ಸಾಲದ ವಾದ ಮುಗಿದು ನಡಾವಳಿ ಪುಸ್ತಕಕ್ಕೆ ಸಹಿ ಬೀಳುವ ಹೊತ್ತಿಗೆ ಊರೇ ಮಲಗಿತ್ತು. ಆಮೇಲೆ ನಾನು ಬೆಳಗಿನ ಒಂಬತ್ತಕ್ಕೆ ಮೀಟಿಂಗ್ ಇಡಲೇ ಇಲ್ಲ.

ಎಲ್ಲರೂ ಅಣ್ಣ, ಅಕ್ಕ ಅಂತಲೇ ಕರೆಯುತ್ತಾರೆ. ಹಾಗಂತ ಮೇಲು-ಕೆಳಗು ಇಲ್ಲ ಅಂದ್ಕೋಬೇಡಿ. ಅಕ್ಕ ಅಂತ ಕರೆದ ಮೇಲೆ ರಜೆ ಕೇಳೋದು ಇನ್ನೂ ಕಷ್ಟ. 'ಇದು ಸೇವೆ ಅಲ್ವಾ' ಅನ್ನುವ ಮಾತಿಗೆ ಎದುರಾಡೋದು ಹೇಗೆ? ಅದಕ್ಕೇ ಭಾನುವಾರ ಫೋನ್ ಎತ್ತುವುದಿಲ್ಲ ಅಂತ ಸೇರುವಾಗಲೇ ಹೇಳಿಬಿಟ್ಟಿದ್ದೆ. ಕೆಲವರಿಗೆ ಇವತ್ತಿಗೂ ಅದು ಸರಿಬಂದಿಲ್ಲ. ಮಾರ್ಚ್ ಮಾತ್ರ ಲೆಕ್ಕಕ್ಕಿಲ್ಲ. ವರ್ಷದ ಲೆಕ್ಕ ಮುಗಿಸಬೇಕಲ್ಲ, ಆಗ ಭಾನುವಾರವೂ ಹೋಗುತ್ತೇನೆ.