ಮೂರು ಗಂಟೆಗೇ ಬಿದ್ದಿದ್ದ ಆರು ಗಂಟೆಯ ಸಹಿ

ಅಕ್ಕನಿಗಾಗಿ ನಾನು ನೋಡಲು ಹೋದ ಮೊದಲ ಆರೈಕೆ ಕೇಂದ್ರದಲ್ಲಿ, ಹಾಸಿಗೆ ಹಿಡಿದವರ ಮಗ್ಗುಲು ಬದಲಿಸಿದ ಪಟ್ಟಿಯನ್ನು ಪ್ರತಿ ಮಂಚದ ತಲೆಗೂ ತೂಗುಹಾಕಿದ್ದರು. ಹಾಸಿಗೆ ಹುಣ್ಣಾಗದಿರಲಿ ಎಂದು ಎರಡು ಗಂಟೆಗೊಮ್ಮೆ ಎಡಕ್ಕೆ, ಬೆನ್ನಿಗೆ, ಬಲಕ್ಕೆ. ಪ್ರತಿ ಸಾಲಿಗೂ ಒಂದು ಸಹಿ. ಜೊತೆಗೆ ಬಂದಿದ್ದ ಅಕ್ಕನ ಮಗ ಅದನ್ನು ನೋಡಿ, "ಎಷ್ಟು ಅಚ್ಚುಕಟ್ಟಾಗಿದೆ, ಚಿಕ್ಕಮ್ಮ" ಎಂದ. ಅವನ ಮುಖದಲ್ಲಿ ಎಷ್ಟೋ ದಿನಗಳ ನಂತರ ನೆಮ್ಮದಿ ಕಂಡಿತ್ತು. ನಾನು ಗೋಡೆಯ ಗಡಿಯಾರ ನೋಡಿದೆ. ಮೂರು ಗಂಟೆ ಹತ್ತು ನಿಮಿಷ. ಪಟ್ಟಿಯಲ್ಲಿ ನಾಲ್ಕು ಗಂಟೆಯ ಸಹಿ ಬಿದ್ದಿತ್ತು, ಆರು ಗಂಟೆಯದೂ ಬಿದ್ದಿತ್ತು.

31 ವರ್ಷ ನರ್ಸ್ ಆಗಿ ದುಡಿದವಳು ನಾನು. ಆಳು ಸಾಲದ ರಾತ್ರಿಗಳಲ್ಲಿ ವೈದ್ಯರ ಬೆಳಗಿನ ರೌಂಡ್ಸ್ ಶುರುವಾಗುವ ಮುಂಚೆ ಪಟ್ಟಿ ತುಂಬಿಸುವುದು ನಾನು ಕೆಲಸ ಮಾಡಿದ ವಾರ್ಡ್‌ಗಳಲ್ಲೂ ನಡೆದಿದೆ. ಅದು ನೆನಪಾದಾಗ ಈಗಲೂ ಸಂಕಟವಾಗುತ್ತದೆ. ಆದರೆ ಆ ಮಂಚದಲ್ಲಿ ಮುಂದೆ ಮಲಗಬೇಕಾದವಳು ನನ್ನನ್ನು ಎತ್ತಿ ಆಡಿಸಿದವಳು ಎಂದುಕೊಂಡಾಗ, ಆ ಸಹಿಗಳು ಬೇರೆಯಾಗಿಯೇ ಕಂಡವು.

ಅಕ್ಕನಿಗೆ 71 ವರ್ಷ. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತು ನಾಲ್ಕಾರು ಪದಗಳಿಗೆ ಇಳಿದಿತ್ತು. ಬೆಂಗಳೂರಿನ ಹನುಮಂತನಗರದ ನಮ್ಮ ಮನೆ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಐದು ತಿಂಗಳು ಮನೆಯಲ್ಲೇ ನೋಡಿಕೊಂಡೆವು. ಏಜೆನ್ಸಿಯವರು ಕಳಿಸಿದ ಹೆಣ್ಣುಮಕ್ಕಳು ನಾಲ್ಕು ಬಾರಿ ಬದಲಾದರು, ನನ್ನ ಮಂಡಿ ಕೈಕೊಟ್ಟಿತು. ಅವಳನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ನಿರ್ಧಾರ ಎಷ್ಟು ಭಾರವಾಗಿತ್ತು ಎಂಬುದನ್ನು ಇಲ್ಲಿ ಬರೆಯಲು ಹೋಗುವುದಿಲ್ಲ. ಎರಡು ತಿಂಗಳಲ್ಲಿ ಹೆಣ್ಣೂರಿನಿಂದ ಉತ್ತರಹಳ್ಳಿಯವರೆಗೆ ಏಳು ಕಡೆ ಹೋಗಿ ಬಂದೆ.

ನಮ್ಮೂರಿನಲ್ಲಿ 'ನರ್ಸಿಂಗ್ ಹೋಮ್' ಎಂದರೆ ಹೆರಿಗೆ, ಶಸ್ತ್ರಚಿಕಿತ್ಸೆ ನಡೆಯುವ ಚಿಕ್ಕ ಆಸ್ಪತ್ರೆ. ಅಂಥವುಗಳಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು. ವೃದ್ಧಾಶ್ರಮಗಳ ವಿಷಯ ನೋಡುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಅಕ್ಕನಂಥವರನ್ನು ಇರಿಸಿಕೊಳ್ಳುವ ಮನೆಗಳು ಈ ಎರಡರ ನಡುವೆ ಎಲ್ಲೋ ನಿಂತಿರುತ್ತವೆ. ಆಹಾರ ಕೊಡುವ ಮೂಗಿನ ಕೊಳವೆ, ಮೂತ್ರದ ಕೊಳವೆಯಾದ ಕ್ಯಾತಿಟರ್ ಎಲ್ಲವನ್ನೂ ನೋಡಿಕೊಳ್ಳುತ್ತೇವೆ ಎನ್ನುವವರ ಬಳಿ ಎರಡೂ ಕಡೆಯ ಕಾಗದ ಕೇಳಿದೆ. ತೋರಿಸಲು ಹಿಂಜರಿದ ಒಂದು ಮನೆಗೆ ಮತ್ತೆ ಹೋಗಲಿಲ್ಲ.

ಆರೈಕೆಯ ಗುಣಮಟ್ಟವನ್ನು ಮೂರು ಮಗ್ಗುಲಿಂದ ನೋಡಬೇಕು ಎಂದು ಅವೆಡಿಸ್ ಡೊನಬೆಡಿಯನ್ ಎಂಬ ವೈದ್ಯರು 1966ರಲ್ಲಿ ಬರೆದರು: ಅಲ್ಲಿ ಏನೇನಿದೆ, ಏನು ಮಾಡುತ್ತಾರೆ, ಅದರಿಂದ ರೋಗಿಗೆ ಏನಾಯಿತು. ನೋಡಲು ಹೋದ ಮನೆಯವರಿಗೆ ಮೊದಲನೆಯದನ್ನು ಮಾತ್ರ ತೋರಿಸಿ ಕಳಿಸುತ್ತಾರೆ. ತೋಟ, ಟಿವಿ, ದೇವರಮನೆ, ಹುಣ್ಣಾಗದಂತೆ ಪಂಪಿನಿಂದ ಗಾಳಿ ತುಂಬುವ ಏರ್ ಬೆಡ್. ಒಂದು ಕಡೆ ಏರ್ ಬೆಡ್‌ಗಳನ್ನು ಹೆಮ್ಮೆಯಿಂದ ತೋರಿಸಿದರು. ನಾನು ಬಗ್ಗಿ ಪಂಪಿಗೆ ಕೈಯಿಟ್ಟೆ. ಮೂರರಲ್ಲಿ ಎರಡು ತಣ್ಣಗಿದ್ದವು, ಅಂದರೆ ಓಡುತ್ತಲೇ ಇರಲಿಲ್ಲ. ಗಾಳಿ ಇಳಿದ ಏರ್ ಬೆಡ್ ಮೇಲೆ ಮಲಗುವುದೂ ಬರೀ ಹಲಗೆಯ ಮೇಲೆ ಮಲಗುವುದೂ ಹೆಚ್ಚುಕಡಿಮೆ ಒಂದೇ.

ಹಾಗಾಗಿ ನಾನು ಉಳಿದ ಕಡೆಗಳಿಗೆ ಮೊದಲ ಸಲ ಹೇಳಿ ಹೋದೆ, ಎರಡನೆಯ ಸಲ ಹೇಳದೆ ಮಧ್ಯಾಹ್ನದ ಊಟದ ಹೊತ್ತಿಗೆ ಹೋದೆ, ಮೂರನೆಯ ಸಲ ಭಾನುವಾರ ಸಂಜೆ ಏಳೂವರೆಗೆ. ಕೋಣೆಗಳ ಒಳಗೆ ಬಿಡುವುದಿಲ್ಲ ಎಂದರೆ ಒಪ್ಪುತ್ತೇನೆ, ಅಲ್ಲಿರುವವರಿಗೂ ಮಾನವಿದೆ. ಊಟದ ಹಜಾರದಲ್ಲಿ ಕೂರಲೂ ಬಿಡದವರನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಕೂತ ಕಡೆ ಒಂದು ಗಂಟೆ ಸುಮ್ಮನೆ ಕೂತೆ. ಯಾರು ಕೂಗಿದರು, ಎಷ್ಟು ನಿಮಿಷಕ್ಕೆ ಯಾರು ಬಂದರು ಎಂದು ಚಿಕ್ಕ ಪುಸ್ತಕದಲ್ಲಿ ಗುರುತು ಹಾಕಿಕೊಂಡೆ.

ಆ ಪುಸ್ತಕದ ಒಂದು ಪುಟವನ್ನು ನಾನು ಮರೆಯಲಾರೆ. ಅಕ್ಕನಂತೆಯೇ ಬಲಭಾಗ ಸ್ವಾಧೀನವಿಲ್ಲದ ಒಬ್ಬ ಹಿರಿಯರು. ಹಾಸಿಗೆಯ ಪಕ್ಕದ ಮೇಜಿನ ಮೇಲೆ ಲೋಟದ ತುಂಬ ನೀರು, ಮೇಲೆ ತಟ್ಟೆ ಮುಚ್ಚಿತ್ತು. ಮೇಜು ಇದ್ದದ್ದು ಬಲಗಡೆ. ತುಟಿ ಒಡೆದು ಸಿಪ್ಪೆ ಎದ್ದಿತ್ತು, ನಾಲಿಗೆ ಒಣಗಿತ್ತು. ನೀರು ಇಟ್ಟಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ನಾನು ಮೇಜನ್ನು ಎಡಕ್ಕೆ ಎಳೆದೆ. ಅವರು ಎಡಗೈಯಲ್ಲಿ ಲೋಟ ಹಿಡಿದು, ನಡುನಡುವೆ ಉಸಿರು ತೆಗೆದುಕೊಳ್ಳುತ್ತಾ ಪೂರ್ತಿ ಕುಡಿದರು. ಆ ಮೇಜನ್ನು ಎಡಕ್ಕೆ ಸರಿಸಲು ಒಂದು ಪೈಸೆಯೂ ಖರ್ಚಿಲ್ಲ.

ಊಟ ಮಾಡಿಸುವ ರೀತಿಯಲ್ಲಿ ಬಹಳಷ್ಟು ತಿಳಿಯುತ್ತದೆ. ಪಾರ್ಶ್ವವಾಯು ಆದವರಲ್ಲಿ ಅನೇಕರಿಗೆ ನುಂಗುವ ತೊಂದರೆ ಇರುತ್ತದೆ. ಮಲಗಿಸಿಕೊಂಡೇ ನೀರಾದ ಗಂಜಿ ಹೊಯ್ದರೆ ನೆತ್ತಿಗೆ ಹತ್ತುತ್ತದೆ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ನೆಟ್ಟಗೆ ಕೂರಿಸಬೇಕು, ಒಂದು ತುತ್ತು ನುಂಗಿದ ಮೇಲೆ ಇನ್ನೊಂದು ಕೊಡಬೇಕು, ಊಟದ ನಂತರ ಅರ್ಧ ಗಂಟೆಯಾದರೂ ಕೂತೇ ಇರಲು ಬಿಡಬೇಕು. ತಿಂಗಳಿಗೊಮ್ಮೆ ತೂಕ ನೋಡುತ್ತೀರಾ ಎಂದು ಎಲ್ಲೆಡೆ ಕೇಳಿದೆ. ಒಂದೇ ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಇಳಿದಿದ್ದರೆ ವಯಸ್ಸಾಯಿತಲ್ಲ ಎಂದು ಬಿಡುವಂತಿಲ್ಲ, ಕಾರಣ ಹುಡುಕಲೇಬೇಕು. ಏಳರಲ್ಲಿ ಎರಡು ಕಡೆ ಮಾತ್ರ ತೂಕದ ಪುಸ್ತಕ ತೆಗೆದು ತೋರಿಸಿದರು.

ಇನ್ನೊಂದು ವಿಷಯ ಯಾವ ಪಾಠದಲ್ಲೂ ನನಗೆ ಸಿಕ್ಕಿರಲಿಲ್ಲ. ಬೆಂಗಳೂರಿನ ಇಂಥ ಮನೆಗಳಲ್ಲಿ ಕೆಲಸ ಮಾಡುವ ಹುಡುಗಿಯರಲ್ಲಿ ಬಹಳ ಮಂದಿ ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯವರು. ದೂರದಿಂದ ಬಂದು, ನಮ್ಮವರ ಮಲಮೂತ್ರ ಬಾಚುವ ಆ ಮಕ್ಕಳ ಬಗ್ಗೆ ನನಗೆ ಗೌರವವಿದೆ. ಆದರೆ ಅಜ್ಜಿಯೊಬ್ಬರು ಇಪ್ಪತ್ತು ನಿಮಿಷ "ಒಂದಕ್ಕೆ, ಒಂದಕ್ಕೆ" ಎನ್ನುತ್ತಿದ್ದರು. ಹುಡುಗಿ ಪ್ರೀತಿಯಿಂದಲೇ ಒಂದು ಬಿಸ್ಕತ್ತು ತಂದುಕೊಟ್ಟಳು. ಆಮೇಲೆ ಅಜ್ಜಿಯ ಸೀರೆ ಒದ್ದೆಯಾಯಿತು, ಅಜ್ಜಿ ಮುಖ ಮುಚ್ಚಿಕೊಂಡರು. ಡೈಪರ್ ಹಾಕಬೇಕಾದವರು ಎಂದು ಅವರ ಹೆಸರಿನ ಮುಂದೆ ಬರೆಯಲು ಇನ್ನೆಷ್ಟು ದಿನ? ಅಂದಿನಿಂದ ನನ್ನ ಮೊದಲ ಪ್ರಶ್ನೆ ಬದಲಾಯಿತು: ರಾತ್ರಿ ಪಾಳಿಯಲ್ಲಿ ಕನ್ನಡ ಬಲ್ಲವರು ಯಾರಿದ್ದಾರೆ?

ರಾತ್ರಿಯ ಲೆಕ್ಕವನ್ನು ನಾನು ಮೇಲ್ವಿಚಾರಕರ ಮುಂದೆಯೇ ಬರೆದು ತೋರಿಸುತ್ತಿದ್ದೆ. ಹಾಸಿಗೆ ಹಿಡಿದವರು ಒಂಬತ್ತು ಮಂದಿ. ಒಬ್ಬರ ಮಗ್ಗುಲು ಬದಲಿಸಿ, ಡೈಪರ್ ನೋಡಿ, ಬೆನ್ನು ಒರೆಸಲು ಹತ್ತು ನಿಮಿಷವೆಂದರೂ ಒಂದು ಸುತ್ತಿಗೆ ತೊಂಬತ್ತು ನಿಮಿಷ. ಇದನ್ನು ಎರಡು ಗಂಟೆಗೊಮ್ಮೆ ಮಾಡಬೇಕು, ಭಾರದವರನ್ನು ತಿರುಗಿಸಲು ಇಬ್ಬರು ಬೇಕು. ಇರುವುದು ಒಬ್ಬಳೇ ಆಯಾ, ಅವಳು ಹಗಲೂ ಇಲ್ಲೇ ದುಡಿದವಳು. ಹಾಗಿದ್ದರೆ ಪಟ್ಟಿಯ ಸಹಿಗಳು ಎಲ್ಲಿಂದ ಬಂದವು? ಕೆಲವರು ಸಿಟ್ಟಾದರು. ಒಬ್ಬರು ತಲೆ ತಗ್ಗಿಸಿ, "ಜನ ಸಿಗುತ್ತಿಲ್ಲ ಅಮ್ಮಾ" ಎಂದರು. ಅವರ ಕಷ್ಟವೂ ನಿಜವೇ. ಆದರೆ ನಾನು ಅಕ್ಕನನ್ನು ಅಲ್ಲಿ ಬಿಡಲಿಲ್ಲ.

ತಿಂಗಳ ದರ, ಮುಂಗಡ, ಡೈಪರ್ ಮತ್ತು ಫಿಸಿಯೋಥೆರಪಿ ಬೇರೆಯೇ, ಹೊರಟರೆ ಮುಂಗಡ ಎಷ್ಟು ದಿನಕ್ಕೆ ವಾಪಸ್ಸು, ಇವನ್ನೆಲ್ಲ ಅಕ್ಕನ ಮಗ ಬರಹದಲ್ಲಿ ಪಡೆದುಕೊಂಡ. ಏನಾದರೂ ಅನ್ಯಾಯ ಕಂಡರೆ ಕರೆ ಮಾಡಲು ಹಿರಿಯರ ಸಹಾಯವಾಣಿ 14567 ಇದೆ. ಅದನ್ನು ಮೊಬೈಲ್‌ನಲ್ಲಿ ಉಳಿಸಿಕೊಂಡೆವು.

ಕೊನೆಗೆ ಆರಿಸಿದ್ದು ಕನಕಪುರ ರಸ್ತೆಯ ಕಡೆಯ ಒಂದು ಹಳೆಯ ಮನೆಯನ್ನು. ನೆಲದ ಟೈಲ್ಸ್ ಒಡೆದಿತ್ತು, ತೋಟವಿರಲಿಲ್ಲ. ಒಟ್ಟು 16 ಮಂದಿ, ರಾತ್ರಿಗೆ ಮೂವರು, ಅವರಲ್ಲಿ ಒಬ್ಬರು ಮಂಡ್ಯ ಕಡೆಯ ಹಿರಿಯ ಆಯಾ. ನಾನು ಹೇಳದೆ ಹೋದ ದಿನ ಅಲ್ಲಿನ ಪಟ್ಟಿಯಲ್ಲಿ ಬೆಳಗಿನ ಜಾವ ಎರಡು ಗಂಟೆಯ ಸಾಲು ಖಾಲಿಯಿತ್ತು. ಪಕ್ಕದಲ್ಲಿ, "ವಾಂತಿ ಮಾಡಿಕೊಂಡವರ ಹತ್ತಿರ ಇದ್ದೆ, ತಿರುಗಿಸಲು ಆಗಲಿಲ್ಲ" ಎಂದು ಸೊಟ್ಟ ಅಕ್ಷರದಲ್ಲಿ ಬರೆದಿತ್ತು. ಆ ಖಾಲಿ ಸಾಲನ್ನು ನೋಡಿಯೇ ನಾನು ಒಪ್ಪಿದ್ದು.

ಅಕ್ಕ ಅಲ್ಲಿಗೆ ಹೋದ 23ನೆಯ ದಿನ ಬೆಳಗ್ಗೆ ಆರೂಮುಕ್ಕಾಲಿಗೆ ಫೋನ್ ಬಂತು. ರಾತ್ರಿ ಪಾಳಿಯ ಸಿಸ್ಟರ್. "ಅಮ್ಮಾ, ನಿಮ್ಮ ಅಕ್ಕನವರ ಬಲ ಹಿಮ್ಮಡಿ ಕೆಂಪಾಗಿದೆ. ಬೆರಳಿನಲ್ಲಿ ಒತ್ತಿದರೂ ಬಿಳಿಚಿಕೊಳ್ಳುತ್ತಿಲ್ಲ. ನೀವು ಬಂದು ನೋಡುತ್ತೀರಾ?" ಒತ್ತಿದಾಗ ಬಿಳಿಚದ ಕೆಂಪು ಎಂದರೆ ಹಾಸಿಗೆ ಹುಣ್ಣಿನ ಮೊದಲ ಹಂತ. ಚರ್ಮ ಇನ್ನೂ ಒಡೆದಿರುವುದಿಲ್ಲ. ಅಷ್ಟರಲ್ಲೇ ಭಾರ ತೆಗೆದರೆ ಉಳಿಯುತ್ತದೆ. ನಾನು ಒಂಬತ್ತಕ್ಕೆ ತಲುಪುವಷ್ಟರಲ್ಲಿ ಮೀನಖಂಡದ ಕೆಳಗೆ ದಿಂಬು ಕೊಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿಟ್ಟಿದ್ದರು. ಪಟ್ಟಿಯಲ್ಲಿ ಹನ್ನೆರಡು ಮತ್ತು ಎರಡು ಗಂಟೆಯ ಸಾಲುಗಳು ಖಾಲಿಯಿದ್ದವು. ಆ ರಾತ್ರಿ ಉಸಿರಾಟದ ತೊಂದರೆಯಾದ ಒಬ್ಬರನ್ನು ಆಸ್ಪತ್ರೆಗೆ ಒಯ್ಯಲು ಇಬ್ಬರು ಹೋಗಿದ್ದರು. ಇಂಥ ರಾತ್ರಿಗಳಿಗೆ ಕರೆದರೆ ಬರುವವರೊಬ್ಬರು ಹತ್ತಿರದಲ್ಲೇ ಇರಲೇಬೇಕು ಎಂದು ಹಟ ಹಿಡಿದೆ. ಪಕ್ಕದ ಬೀದಿಯ ಒಬ್ಬ ಹೆಂಗಸನ್ನು ಗೊತ್ತು ಮಾಡಿದರು. ಆರನೆಯ ದಿನಕ್ಕೆ ಕೆಂಪು ಹೋಯಿತು.

ಈಗಲೂ ನಾನು ಹೋಗುವ ಹೊತ್ತು ಅವರಿಗೆ ಮುಂಚಿತವಾಗಿ ತಿಳಿದಿರುವುದಿಲ್ಲ. ಹೋದ ತಕ್ಷಣ ಅಕ್ಕನ ಎರಡೂ ಹಿಮ್ಮಡಿಗಳನ್ನು ನೋಡುತ್ತೇನೆ. ಆಮೇಲೆ ಅವಳ ಎಡಗಡೆ ಕೂತು ತಲೆ ಬಾಚುತ್ತೇನೆ.