ಬಾಳೆದಿಂಡು ಹೋದ ದಾರಿ

ಮಳೆಗಾಲ ಅಂದರೆ ನಮ್ಮ ಕಸುಬಿನವರಿಗೆ ರಜೆ. ಗಣೇಶಗುಡಿಯಲ್ಲಿ ಕಾಳಿ ನದಿಯ ರ್‍ಯಾಫ್ಟಿಂಗ್ ನಡೆಯುವುದು ಸೂಪಾ ಅಣೆಕಟ್ಟಿನಿಂದ ಕರೆಂಟಿಗಾಗಿ ಬಿಡುವ ಅಳತೆಯ ನೀರಿನಲ್ಲಿ. ಜೂನ್ ಬಂತೆಂದರೆ ರ್‍ಯಾಫ್ಟುಗಳ ಗಾಳಿ ತೆಗೆದು ಮಡಚಿಟ್ಟು ಗೈಡುಗಳೆಲ್ಲ ಅವರವರ ಊರು ಸೇರುತ್ತೇವೆ. ನಾನು ಸಾಗರದ ಹತ್ತಿರದ ತೋಟಕ್ಕೆ ಬಂದು, ಅಡಿಕೆಗೆ ಔಷಧಿ ಹೊಡೆಸಲು ಮಳೆ ಯಾವಾಗ ಹೊಳವಾಗುತ್ತದೋ ಎಂದು ಆಕಾಶ ನೋಡಿಕೊಂಡಿರುತ್ತೇನೆ. ಆ ಜುಲೈನಲ್ಲೂ ಹಾಗೇ ಇದ್ದೆ. ಸಂಜೆ ಆರು ಗಂಟೆಗೆ ಅಗ್ನಿಶಾಮಕದಲ್ಲಿರುವ ಗೆಳೆಯನ ಫೋನು ಬಂತು. ‘ಹೊನ್ನಾಳಿ ಕಡೆ ತೆಪ್ಪ ಮಗುಚಿದೆ ಮಾರಾಯ. ಮೂರು ಜನ ಇದ್ರು, ಒಬ್ಬ ಈಜಿ ಬಂದಿದಾನೆ. ನಿಮ್ಮ ಹುಡುಗ್ರು ಎಷ್ಟು ಜನ ಸಿಗ್ತೀರಿ?’

ಐದು ಜನ ಸಿಕ್ಕೆವು. ಒಂದು ರ್‍ಯಾಫ್ಟು, ಒಬ್ಬೊಬ್ಬರೇ ಕೂತು ಹುಟ್ಟು ಹಾಕುವ ಮೂರು ಕಯಾಕು, ಹಗ್ಗದ ಚೀಲಗಳು, ಹೆಲ್ಮೆಟ್ಟು, ಎಲ್ಲವನ್ನೂ ಒಂದು ಪಿಕಪ್ಪಿಗೆ ತುಂಬಿ ಹೊರಟೆವು. ಬೆಳಿಗ್ಗೆಯೇ ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿದ ಫೋಟೊ ವಾಟ್ಸಾಪಿನಲ್ಲಿ ಬಂದಿತ್ತು. ಆ ಊರಿನವರಿಗೆ ಹೊಳೆ ತುಂಬಿದ್ದಕ್ಕೆ ಅದೇ ಗುರುತು. ತುಂಗೆಗೆ ಗಾಜನೂರಿನಲ್ಲಿರುವುದು 3.24 ಟಿಎಂಸಿಯ ಸಣ್ಣ ಅಣೆಕಟ್ಟು. ಶೃಂಗೇರಿ, ಆಗುಂಬೆ ಕಡೆ ಎರಡು ದಿನ ಜೋರು ಮಳೆ ಹೊಡೆದರೆ ಬಂದ ನೀರನ್ನೆಲ್ಲ ಗೇಟು ಎತ್ತಿ ಹೊಳೆಗೇ ಬಿಡಬೇಕು. 71.5 ಟಿಎಂಸಿಯ ಭದ್ರೆ ಹಾಗಲ್ಲ, ತುಂಬುವ ತನಕ ತಡೆದುಕೊಳ್ಳುತ್ತದೆ. ಹಾಗಾಗಿ ಇವೆರಡೂ ಸೇರಿ ತುಂಗಭದ್ರೆಯಾಗುವ ಕೂಡ್ಲಿ ಸಂಗಮದಿಂದ ಕೆಳಗಿನ ಹೊಳೆಸಾಲಿನವರು ಜುಲೈನಲ್ಲಿ ಹೆದರುವುದು ತುಂಗೆಯ ನೀರಿಗೆ. ಅವತ್ತು ಗಾಜನೂರಿನಿಂದ ಬಿಡುತ್ತಿದ್ದದ್ದು 60 ಸಾವಿರ ಕ್ಯೂಸೆಕ್ ಎಂದರು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ಲೆಕ್ಕ ಹಾಕಿದರೆ ಸೆಕೆಂಡಿಗೆ ಹತ್ತಿರ ಹತ್ತಿರ 17 ಲಕ್ಷ ಲೀಟರ್. ಗಾಡಿಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. 2019ರ ಆಗಸ್ಟ್‌ನಲ್ಲಿ ಇದೇ ತುಂಗಭದ್ರೆಯಲ್ಲಿ, ವಿರುಪಾಪುರ ಗಡ್ಡೆ ಹತ್ತಿರ, ರಕ್ಷಣೆಗೆ ಹೋದವರ ದೋಣಿಯೇ ಮಗುಚಿ ಅವರನ್ನು ಇನ್ನೊಬ್ಬರು ಹೋಗಿ ಎತ್ತಬೇಕಾಗಿ ಬಂದದ್ದು ಎಲ್ಲರ ತಲೆಯಲ್ಲೂ ಇತ್ತು.

ತಲುಪಿದಾಗ ರಾತ್ರಿ ಹತ್ತು ದಾಟಿತ್ತು. ಕಡವಿನಲ್ಲಿ ಊರಿಗೆ ಊರೇ ನೆರೆದಿತ್ತು. ಮೂವರೂ ಹೋಗಿದ್ದು ಪಂಪ್‌ಸೆಟ್ಟಿನ ಮೋಟಾರು ಬಿಚ್ಚಿ ತರಲು. ಹೊಳೆದಂಡೆಯ ರೈತರು ಪ್ರತಿ ವರ್ಷ ಮಾಡುವ ಕೆಲಸವೇ. ನೀರು ಏರುವ ಮೊದಲು ಮೋಟಾರು ಮೇಲೆ ತರಬೇಕು, ತಡವಾದರೆ ರಿವೈಂಡಿಂಗ್ ಖರ್ಚು. ಆ ದಿನ ನೀರು ಅವರ ಅಂದಾಜಿಗಿಂತ ಬೇಗ ಏರಿತು, ಅಷ್ಟೇ.

ನಮ್ಮ ಗಾಡಿ ಕಂಡದ್ದೇ ಜನ ಸುತ್ತುವರಿದರು. ‘ದೋಣಿ ತಂದೀರಲ್ಲ, ಇಳಿಸ್ರಿ!’ ರಾತ್ರಿ ನೆರೆಯ ಹೊಳೆಗೆ ಇಳಿಯುವುದಿಲ್ಲ ಎಂದು ನಾನು ಹೇಳಿದ ಮೇಲೆ ಒಬ್ಬ ನನ್ನ ಕಾಲರಿಗೇ ಕೈ ಹಾಕಿದ. ಕಾಣೆಯಾದ ಇಬ್ಬರಲ್ಲಿ ಒಬ್ಬನ ತಮ್ಮನಂತೆ. ಆತನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಬಿಡಿಸಿದ್ದು ಪೊಲೀಸರಲ್ಲ, ಕಂಬಳಿ ಹೊದ್ದು ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಅಂಬಿಗರ ಅಜ್ಜ. ‘ಕತ್ತಲಾಗ ಹೊಳಿ ಎಲ್ಲಿ ಐತಿ, ಹೊಲ ಎಲ್ಲಿ ಐತಿ ಅಂತ ನನಗ ಗೊತ್ತಾಗಂಗಿಲ್ಲ, ಇವರಿಗೇನು ಗೊತ್ತಾಕೈತಿ? ಬಿಡೋ ಅವನ್ನ’ ಎಂದರು. ಎಂಬತ್ತರ ಆಸುಪಾಸಿನ ವಯಸ್ಸು. ಮುಂದಿನ ಐದು ದಿನ ನಾವು ಏನಾದರೂ ಸರಿಯಾಗಿ ಮಾಡಿದ್ದರೆ ಅದು ಅವರ ಮಾತು ಕೇಳಿದ ಕಡೆ ಮಾತ್ರ.

ರಾತ್ರಿ ಮಾಡಿದ ಕೆಲಸ ಬೇರೆ. ಈಜಿ ಬಂದವನನ್ನು ಕೂರಿಸಿಕೊಂಡು, ತೆಪ್ಪ ಎಲ್ಲಿ ಮಗುಚಿತು, ಕೊನೆಗೆ ಯಾರ ತಲೆ ಎಲ್ಲಿ ಕಂಡಿತು ಎಂದು ಕೇಳಿದೆವು. ಮೊದಲ ಸಲ ಒಂದು ಜಾಗ ಹೇಳಿದ, ಚಹಾ ಕುಡಿಸಿ ಮತ್ತೆ ಕೇಳಿದಾಗ ಇನ್ನೊಂದು. ಮೂರನೇ ಸಲ ಕೇಳುವಾಗ ಪಂಪ್‌ಹೌಸಿನ ಪೈಪನ್ನು ದಾಟಿದ ಮೇಲೆ ಮಾವನ ಕೂಗು ಎಡಗಡೆಯಿಂದ ಬಂತು ಎಂದ. ಆ ಒಂದು ಮಾತಿನಿಂದ ಹುಡುಕುವ ದಂಡೆ ತೀರ್ಮಾನವಾಯಿತು. ಪಿಎಸ್‌ಐ ಹತ್ತಿರ ನಮ್ಮ ಐವರ ಹೆಸರು, ಮನೆಯ ಫೋನ್ ನಂಬರು ಬರೆಸಿದೆವು. ನಾವೇ ಕಾಣೆಯಾದರೆ ಲೆಕ್ಕಕ್ಕಿರಲಿ ಅಂತ. ಕೊನೆಗೆ ಲೈನ್‌ಮನ್‌ನನ್ನು ಹುಡುಕಿ ಹೊಳೆದಂಡೆಯ ಟಿಸಿಗಳನ್ನೆಲ್ಲ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರುಗಳನ್ನು, ಆಫ್ ಮಾಡಿಸಿದೆವು. ನೆರೆಯಲ್ಲಿ ಕಯಾಕು ಹೋಗುವುದು ಹೊಲಗಳ ಮೇಲೆ. ಪಂಪ್‌ಸೆಟ್ಟಿನ ತಂತಿಗಳು ಆಗ ಎದೆಮಟ್ಟದಲ್ಲಿರುತ್ತವೆ.

ಬೆಳಗಿನ ಜಾವ ಅಜ್ಜ ಒಂದು ಬಾಳೆದಿಂಡು ಕಡಿಸಿದರು. ಆಳುದ್ದದ್ದು. ಅದಕ್ಕೊಂದು ಕೆಂಪು ಬಟ್ಟೆ ಸುತ್ತಿ, ಪಂಪ್‌ಹೌಸಿನ ನೇರಕ್ಕೆ ನೀರಿಗೆ ಎಸೆಸಿದರು. ಬಾಳೆದಿಂಡು ಪೂರ್ತಿ ತೇಲುವುದಿಲ್ಲ, ಪೂರ್ತಿ ಮುಳುಗುವುದೂ ಇಲ್ಲ. ಮುಕ್ಕಾಲು ಪಾಲು ನೀರೊಳಗೇ ಇದ್ದು ಸೆಳವಿನ ಮಾತು ಕೇಳುತ್ತದೆ, ಗಾಳಿಯ ಮಾತು ಕೇಳುವುದಿಲ್ಲ. ದಡದ ಮೇಲೆ ಬೈಕಿನಲ್ಲಿ ಇಬ್ಬರು ಹುಡುಗರು ಹಿಂಬಾಲಿಸಿದರು. ನಾವು ನಡುಹೊಳೆಯಲ್ಲಿ ಹೋಗುತ್ತದೆ ಎಂದುಕೊಂಡಿದ್ದೆವು. ಅದು ಇನ್ನೂರು ಮೀಟರಿನಲ್ಲೇ ಎಡಕ್ಕೆ ವಾಲಿ, ದಂಡೆ ಒಡೆದ ಕಡೆ ಹೊಳೆ ಬಿಟ್ಟು ತೋಟದ ಕಡೆ ನುಗ್ಗಿತು. ‘ನೋಡಿದ್ಯಾ ತಮ್ಮಾ’ ಎಂದರು ಅಜ್ಜ. ‘ನೀನು ಹೊಳ್ಯಾಗ ಹುಡುಕಾಕ ಬಂದಿ. ಅವ್ರು ಹೊಳ್ಯಾಗ ಇಲ್ಲ.’

ಸರಕಾರದ ಮೋಟಾರು ದೋಣಿ ನಡುನೀರಿನಲ್ಲಿ ಹೋಗಲಿ, ನಾವು ಹುಟ್ಟು ಹಾಕುವವರು ಅಂಚು ಹಿಡಿಯೋಣ ಎಂದು ಹಂಚಿಕೊಂಡೆವು. ಬಿದಿರುಮೆಳೆ, ತೋಟ, ಲಕ್ಕಿ ಗಿಡಗಳ ಪೊದೆಯೊಳಗೆ ಮೋಟಾರಿನ ರೆಕ್ಕೆಗೆ ಕಸ ಸುತ್ತಿಕೊಳ್ಳುತ್ತದೆ, ಅದರ ಸದ್ದಿಗೆ ಯಾರಾದರೂ ಕೂಗಿದರೂ ಕೇಳುವುದಿಲ್ಲ. ಹುಟ್ಟಿನ ದೋಣಿಯಿಂದ ಲಾಭ ಇದ್ದರೆ ಇವೆರಡರಲ್ಲಿ: ಸಂದಿಯಲ್ಲಿ ತೂರುತ್ತದೆ, ಸದ್ದು ಮಾಡುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಎಲ್ಲರೂ ಹುಟ್ಟು ಎತ್ತಿ ಸುಮ್ಮನಾಗಬೇಕು, ಒಬ್ಬ ಮೂರು ಸಲ ಸೀಟಿ ಊದಬೇಕು, ಆಮೇಲೆ ಕಿವಿಗೊಡಬೇಕು.

ಏಳೂವರೆಗೆ, ನಾಲ್ಕನೇ ಸೀಟಿಗೋ ಐದನೆಯದಕ್ಕೋ, ಉತ್ತರ ಬಂತು. ಕೂಗಲ್ಲ, ಟಿನ್ನು ಬಡಿದ ಸದ್ದು. ಒಂದು ಹೊಳೆಮತ್ತಿ ಮರದ ಕವಲಿನಲ್ಲಿ ಮೂವರಲ್ಲಿ ಚಿಕ್ಕವನು, ಅಳಿಯ, ಕುಳಿತಿದ್ದ. ತೇಲಿ ಬಂದ ಯಾವುದೋ ಎಣ್ಣೆ ಡಬ್ಬಿ ಹಿಡಿದು ಕೊಂಬೆಗೆ ಬಡಿಯುತ್ತಿದ್ದ. ಕೂಗಿ ಕೂಗಿ ಗಂಟಲು ಹೋಗಿತ್ತು.

ಇಂಥ ಹೊತ್ತಿನಲ್ಲಿ ಕೈ ತನ್ನಿಂದ ತಾನೇ ಮರದ ಕಡೆ ನೇರ ಹುಟ್ಟು ಹಾಕುತ್ತದೆ. ಹಾಕಬಾರದು. ನೀರು ಮರದೊಳಗೆ ಹರಿಯುತ್ತಿರುತ್ತದೆ. ಮೇಲಿನಿಂದ ಬಂದ ದೋಣಿಯನ್ನು ಕೊಂಬೆಗಳಿಗೆ ಒತ್ತಿ ಹಿಡಿದು ಮಗುಚುತ್ತದೆ. ಸೆಳವಿನ ವೇಗ ಎರಡರಷ್ಟಾದರೆ ಒತ್ತುವ ಬಲ ನಾಲ್ಕರಷ್ಟು. ಮರವನ್ನು ದಾಟಿ ಕೆಳಗೆ ಹೋಗಿ, ಅದರ ಮರೆಯಲ್ಲಿ ನೀರು ಹಿಮ್ಮರಳುವ ಜಾಗ ಹಿಡಿದು, ಅಲ್ಲಿಂದ ಮೇಲಕ್ಕೆ ಬರಬೇಕು. ಮರದ ಮೇಲಿದ್ದವನಿಗೆ ನಾವು ಅವನನ್ನು ಬಿಟ್ಟು ಹೋದಂತೆ ಕಂಡಿತು. ಆಗ ಅವನ ಮುಖ ನೋಡಬಾರದಿತ್ತು, ನೋಡಿದೆ.

ಕೆಳಗಿನಿಂದ ಬಂದು ಕಯಾಕಿನ ಮೂತಿ ಬುಡಕ್ಕೆ ತಾಗಿಸಿದ ಮೇಲೂ ಕೆಲಸ ಮುಗಿಯಲಿಲ್ಲ. ಕೊಂಬೆಯ ತುಂಬ ಚಗಳಿ ಇರುವೆ, ಎರಡಾಳು ಮೇಲೆ ಒಂದು ಹಾವು. ನೆರೆಯಲ್ಲಿ ಮರ ಎಲ್ಲರಿಗೂ ಬೇಕು. ಅವನಿಗೆ ಲೈಫ್ ಜಾಕೆಟ್ ತೊಡಿಸಿ, ಹಗ್ಗ ಕಟ್ಟಿ, ‘ಇಳಿಯಪ್ಪ’ ಎಂದರೆ ಇಳಿಯಲೊಲ್ಲ. ಬೇಡ ಅಂತಲ್ಲ, ಕೈ ಬಿಡುತ್ತಿರಲಿಲ್ಲ. ಹದಿನೈದು ಗಂಟೆ ಕೊಂಬೆ ಹಿಡಿದ ಬೆರಳುಗಳು ಹಾಗೇ ಮರಗಟ್ಟಿದ್ದವು. ನಮ್ಮ ಸಿದ್ದಾಪುರದ ಹುಡುಗ ಮರಕ್ಕೆ ಹತ್ತಿ, ಆ ಬೆರಳುಗಳನ್ನು ಬಾಯಿ ಹತ್ತಿರ ತಂದು ಉಸಿರು ಬಿಡುತ್ತಾ, ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಬಿಡಿಸಿದ. ಮಗುವಿನ ಮುಷ್ಟಿಯಿಂದ ನಾಣ್ಯ ಬಿಡಿಸಿಕೊಳ್ಳುವ ಹಾಗೆ. ಅದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ರ್‍ಯಾಫ್ಟಿಗೆ ಹಾಕಿಕೊಂಡ ಮೇಲೆ ಅವನು ಕೇಳಿದ ಮೊದಲ ಮಾತು, ‘ಮಾವ ಬಂದ್ರಾ?’

ಮಾವ ಬಂದಿರಲಿಲ್ಲ.

ಎರಡನೇ ದಿನ ನಾನು ಮಾಡಿದ ತಪ್ಪನ್ನೂ ಬರೆಯಬೇಕು. ಒಬ್ಬನನ್ನು ಜೀವಂತ ತಂದಿದ್ದೆವಲ್ಲ, ತಲೆ ಸ್ವಲ್ಪ ತಿರುಗಿತ್ತು. ಒಂದು ಹೊಲದ ಮೇಲಿಂದ ಅಡ್ಡ ಹೋದರೆ ಅರ್ಧ ಕಿಲೋಮೀಟರ್ ಉಳಿಯುತ್ತಿತ್ತು. ‘ಸುತ್ತಿ ಹೋಗು, ಅಲ್ಲಿ ಬೇಲಿ ಐತಿ’ ಎಂದು ಅಜ್ಜ ಹೇಳಿದ್ದರು. ನೀರಿನ ಮೇಲೆ ಏನೂ ಕಾಣುತ್ತಿರಲಿಲ್ಲ, ನೇರ ಹೋದೆ. ಮುಳ್ಳುತಂತಿ ಅರ್ಧ ಅಡಿ ಕೆಳಗಿತ್ತು. ಕಯಾಕು ಅಡ್ಡ ತಿರುಗಿ ತಂತಿಗೆ ಒರಗಿಕೊಂಡಿತು, ಮೇಲಿನ ನೀರು ಅದನ್ನು ಒತ್ತತೊಡಗಿತು, ಒಂದು ಮುಳ್ಳು ಜಾಕೆಟ್ಟಿನ ಪಟ್ಟಿಗೆ ಸಿಕ್ಕಿಕೊಂಡಿತು. ನಾನು ಮಗುಚಿದೆ. ಕೆಸರು ನೀರಿನಲ್ಲಿ ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಎದೆಯ ಮೇಲಿನ ಚಾಕು ಎಳೆದು ಪಟ್ಟಿ ಕತ್ತರಿಸಿದ್ದು ಕೈಯ ಅಭ್ಯಾಸ, ನನ್ನ ಬುದ್ಧಿಯಲ್ಲ. ನೂರಾರು ಸಲ ಪ್ರವಾಸಿಗರಿಗೆ ‘ಚಾಕು ಇಲ್ಲೇ ಯಾಕಿದೆ ಗೊತ್ತಾ’ ಎಂದು ತೋರಿಸಿದ್ದೆ. ಬಳಸಿದ್ದು ಅದೊಂದೇ ಸಲ. ಕಯಾಕು ಅಲ್ಲೇ ಉಳಿಯಿತು. ಹಗ್ಗದ ಚೀಲ ಎಸೆದು ನನ್ನನ್ನು ಎಳೆದುಕೊಂಡದ್ದು ನಮ್ಮ ತಂಡದ ಎಲ್ಲರಿಗಿಂತ ಚಿಕ್ಕ ಹುಡುಗ. ಅವನಿಗೆ ಎಸೆಯುವುದನ್ನು ಕಲಿಸಿದ್ದು ನಾನೇ. ದಡಕ್ಕೆ ಬಂದಾಗ ಅಜ್ಜ ಬೈಯಲಿಲ್ಲ. ಎಲೆಅಡಿಕೆ ಚೀಲ ಬಿಚ್ಚಿ ನನ್ನ ಮುಂದೆ ಹಿಡಿದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲಿನ ದಿನಗಳಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಚೌಕ ಚೌಕವಾಗಿ ಗೆರೆ ಎಳೆದ ನಕ್ಷೆ, ಗಳದಿಂದ ಕಸದ ರಾಶಿ ಚುಚ್ಚಿ ನೋಡುವುದು, ನೋಡಿದ ಮೆಳೆಗೆ ಬಣ್ಣದ ಪಟ್ಟಿ ಕಟ್ಟುವುದು, ಮಧ್ಯಾಹ್ನ ಊರಿನವರು ತಂದ ರೊಟ್ಟಿ. ಮುಳುಗಿದ ದೇಹ ಮೊದಲು ತಳ ಸೇರುತ್ತದೆ, ಒಳಗೆ ಗಾಳಿ ಹುಟ್ಟಿದ ಮೇಲೆ ಮೇಲೇಳುತ್ತದೆ. ಅದಕ್ಕೆ ಎರಡು ದಿನವೂ ಆಗಬಹುದು, ತಣ್ಣಗಿನ ಮಳೆನೀರಿನಲ್ಲಿ ನಾಲ್ಕೈದೂ ಆಗಬಹುದು. ಇದನ್ನು ಮನೆಯವರಿಗೆ ಯಾರು ಹೇಳಬೇಕು ಎಂಬುದೇ ದೊಡ್ಡ ಕಷ್ಟವಾಗಿತ್ತು. ಮೂರನೇ ದಿನ ಒಬ್ಬರು ದೊಡ್ಡವರು ಬಂದು ರ್‍ಯಾಫ್ಟಿನಲ್ಲಿ ಕುಳಿತು ಒಂದು ಸುತ್ತು ಹಾಕಬೇಕು ಎಂದರು, ಕ್ಯಾಮೆರಾದವರೂ ಜೊತೆಗಿದ್ದರು. ಜಾಕೆಟ್ ಅವರ ಹೊಟ್ಟೆಗೆ ಸಾಲಲಿಲ್ಲ, ದೇವರು ದೊಡ್ಡವನು.

ಐದನೇ ದಿನ ಬೆಳಿಗ್ಗೆ ನೀರು ಎರಡು ಅಡಿ ಇಳಿದಿತ್ತು. ಹೊಲ ನೋಡಲು ಹೋದ ರೈತನೊಬ್ಬ ಬಂದು ಹೇಳಿದ. ದೇಹ ಸಿಕ್ಕಿದ್ದು ಒಂದು ಬಿದಿರುಮೆಳೆಯ ಬುಡದಲ್ಲಿ, ಬಾಳೆದಿಂಡು ನುಗ್ಗಿದ ಅದೇ ಬದಿಯಲ್ಲಿ, ಪಂಪ್‌ಹೌಸಿನಿಂದ ಎರಡು ಕಿಲೋಮೀಟರ್ ಕೆಳಗೆ. ಆ ಮೆಳೆಗೆ ನಮ್ಮ ಹಳದಿ ಪಟ್ಟಿ ಕಟ್ಟಿತ್ತು. ನೋಡಿ ಮುಗಿದಿದೆ ಎಂಬ ಗುರುತು. ಕಟ್ಟಿದ್ದು ನಾನು. ಎರಡು ಸಲ ಅದರ ಪಕ್ಕದಲ್ಲೇ ಹೋಗಿದ್ದೆ, ಆಗ ಮೆಳೆಯ ಬುಡ ನೀರಿನ ಎರಡು ಅಡಿ ಕೆಳಗಿತ್ತು. ಅಲ್ಲಿಂದೀಚೆಗೆ ನಾವು ಪಟ್ಟಿಯ ಮೇಲೆ ತಾರೀಖು, ಗಂಟೆಯ ಜೊತೆ ನೀರಿನ ಮಟ್ಟವನ್ನೂ ಬರೆಯುತ್ತೇವೆ. ಅರ್ಧ ಅಡಿ ಇಳಿದರೆ ಹಳೆಯ ಪಟ್ಟಿಗಳೆಲ್ಲ ರದ್ದು, ಮೊದಲಿನಿಂದ ಶುರು.

ಮುಳ್ಳಿನ ಆ ಜಾಗಕ್ಕೆ ಗಾಳಿ ತುಂಬಿದ ರ್‍ಯಾಫ್ಟು ಹೋಗುವಂತಿರಲಿಲ್ಲ. ಅಜ್ಜನ ತೆಪ್ಪವೇ ಹೋಯಿತು. ಹುಟ್ಟು ಹಾಕಿದ್ದು ಅಜ್ಜ, ಜೊತೆಗೆ ಕುಳಿತದ್ದು ಮೊದಲ ರಾತ್ರಿ ನನ್ನ ಕಾಲರ್ ಹಿಡಿದವನು.

ಊರಿಗೆ ಬಂದ ಮೇಲೆ ಹಳೆಯ ಆದರೆ ಗಟ್ಟಿಯಾದ ನಾಲ್ಕು ಲೈಫ್ ಜಾಕೆಟ್ಟುಗಳನ್ನು ಆ ಕಡವಿಗೆ ಕಳಿಸಿದ್ದೆ. ಮರುವರ್ಷ ಜೂನ್ ಕೊನೆಗೆ ಆ ದಾರಿಯಲ್ಲಿ ಹೋದವನು ಇಳಿದು ನೋಡಿದೆ. ಎರಡು ಗುಡಿಯ ಮೊಳೆಗೆ ನೇತಾಡುತ್ತಿದ್ದವು. ಒಂದನ್ನು ತಲೆಗಿಟ್ಟುಕೊಂಡು ಜಗಲಿಯಲ್ಲಿ ಯಾರೋ ಮಲಗಿದ್ದರು. ನಾಲ್ಕನೆಯದು ಅಜ್ಜನ ತೆಪ್ಪದಲ್ಲಿ, ಕೂರುವ ಹಲಗೆಯ ಮೇಲೆ ಹಾಸಿತ್ತು.

‘ಅಜ್ಜ, ಅದು ಕೂರಾಕಲ್ಲ, ಹಾಕ್ಕೊಳಾಕೆ.’

‘ಗೊತ್ತೈತಿ ತಮ್ಮಾ. ನೆಂದ್ರ ಒಣಗಂಗಿಲ್ಲ ಅದು.’

ನಾನು ಕಟ್ಟೆ ಬಿಟ್ಟು ಏಳಲಿಲ್ಲ. ಸ್ವಲ್ಪ ಹೊತ್ತು ನನ್ನ ಕಡೆ ನೋಡಿ, ಎತ್ತಿ ಕೊಡವಿ, ತೋಳು ತೂರಿಸಿಕೊಂಡು ಹೊಳೆಗೆ ಹೊರಟರು. ಬಕಲ್ ಹಾಕಲಿಲ್ಲ.